ಆಲೂಗಡ್ಡೆಯಲ್ಲದ ಆಲೂಗಡ್ಡೆ

ಕೇಳುಗರೇ, ನಮಸ್ಕಾರ.

ಮುಂಗಾರು ಹಿಡಿದ ಹೊಸದರಲ್ಲಿ ಮಲೆನಾಡಿನ ಕಾಡಂಚಿನಲ್ಲಿ ತಲೆ ತಗ್ಗಿಸಿ ನಡೆದವರು ನೆಲತಾಳೆಯನ್ನು ಕಂಡಿರುತ್ತೀರಿ. ಎಳೆಯ ತಾಳೆ ಸಸಿಯಂಥ ಎಲೆಗಳು, ಅವುಗಳ ಬುಡದಲ್ಲಿ ಮಣ್ಣಿಗೆ ಅಂಟಿಕೊಂಡಂತೆ ಆರೆಸಳಿನ ಹಳದಿ ನಕ್ಷತ್ರ. ಇವತ್ತಿನ ಮಾತು ಅದರದ್ದಲ್ಲ. ಹಿಂದೂ ಮಹಾಸಾಗರದ ಆಚೆ, ದಕ್ಷಿಣ ಆಫ್ರಿಕಾದ ಹುಲ್ಲುಗಾವಲಿನಲ್ಲಿ ಬೆಳೆಯುವ ಅದರ ದಾಯಾದಿಯದ್ದು.

ಸಸ್ಯಶಾಸ್ತ್ರದಲ್ಲಿ ಇದು ಹೈಪಾಕ್ಸಿಸ್ ಹೆಮೆರೊಕ್ಯಾಲಿಡಿಯ. ಜುಲು ಜನ ಇನ್‌ಕೊಂಫೆ ಎನ್ನುತ್ತಾರೆ. ಲೋಕವೆಲ್ಲ ಕರೆಯುವುದು ಮಾತ್ರ ಆಫ್ರಿಕನ್ ಪೊಟ್ಯಾಟೊ ಅಂತ. ಆಲೂಗಡ್ಡೆಗೂ ಇದಕ್ಕೂ ಸ್ನಾನದ ಸಂಬಂಧವೂ ಇಲ್ಲ. ಆಲೂಗಡ್ಡೆ ಬದನೆ, ಟೊಮ್ಯಾಟೊಗಳ ಬಳಗದ್ದು. ಇದು ಲಿಲ್ಲಿ, ಆರ್ಕಿಡ್‌ಗಳ ಕಡೆಯ ನೆಂಟ. ಅಗೆದರೆ ಕೈಗೆ ಬರುವುದು ಬೇರಿನ ಜುಂಗು ಹೊತ್ತ ಕರಿ ಗಡ್ಡೆ. ಕೊಯ್ದರೆ ಒಳಗೆ ಅರಿಸಿನದಂಥ ಹಳದಿ.

ಆ ಹುಲ್ಲುಗಾವಲಿನ ಚಳಿಗಾಲ ಸುಲಭದ್ದಲ್ಲ. ಜೂನ್, ಜುಲೈನಲ್ಲಿ, ನಮ್ಮಲ್ಲಿ ಜಡಿಮಳೆ ಹೊಯ್ಯುವಾಗ, ಅಲ್ಲಿನ ಎತ್ತರದ ಬಯಲಲ್ಲಿ ಹನಿ ನೀರಿಲ್ಲ. ರಾತ್ರಿ ಇಬ್ಬನಿ ಹೆಪ್ಪುಗಟ್ಟುತ್ತದೆ, ಒಣ ಹುಲ್ಲಿಗೆ ಬೆಂಕಿ ಬೀಳುತ್ತದೆ. ಗಿಡ ಅಷ್ಟರೊಳಗೆ ಎಲೆಯನ್ನೆಲ್ಲ ಬಿಟ್ಟುಕೊಟ್ಟು ಗಡ್ಡೆಯಾಗಿ ಕೂತಿರುತ್ತದೆ. ಮೇಲೆ ಉರಿದುಹೋದರೂ ಒಂದು ಗೇಣು ಕೆಳಗಿನ ಮಣ್ಣು ತಣ್ಣಗೇ ಇರುತ್ತದಲ್ಲ! ವಸಂತ ಬಂದಾಗ ಕುಡುಗೋಲಿನಂತೆ ಬಾಗಿದ ಎಲೆಗಳು ಮೂರು ಸಾಲಾಗಿ ಏಳುತ್ತವೆ, ನಡುವೆ ಹೂದಂಟು. ಹೂವಿನ ಆಯುಸ್ಸು ಬಹಳ ಚಿಕ್ಕದು. ಬೆಳಿಗ್ಗೆ ಅರಳಿದ್ದು ಮಧ್ಯಾಹ್ನದ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ. ಜೇನುಹುಳುಗಳು ಅಷ್ಟರೊಳಗೆ ಬಂದು ಹೋಗಬೇಕು.

ಅಲ್ಲಿನ ನಾಟಿ ವೈದ್ಯರು ಈ ಗಡ್ಡೆಯನ್ನು ತಲೆಮಾರುಗಳಿಂದ ಬಳಸಿದ್ದಾರೆ. ಎಲೆಯಿಂದ ಹಗ್ಗ ಹೊಸೆಯುವುದೂ ಉಂಟು. ಅಷ್ಟಕ್ಕೇ ನಿಂತಿದ್ದರೆ ಇದರ ಹೆಸರು ನಮ್ಮ ಕಿವಿಗೆ ಬೀಳುತ್ತಿರಲಿಲ್ಲ. ಗಿಡ ರಾಜಕೀಯಕ್ಕೆ ಸಿಕ್ಕಿತು.

ದಕ್ಷಿಣ ಆಫ್ರಿಕಾದಲ್ಲಿ ಅಧ್ಯಕ್ಷ ಥಾಬೋ ಎಂಬೆಕಿಯವರ ಕಾಲ. ಏಡ್ಸ್ ಊರೂರನ್ನೇ ಬರಿದು ಮಾಡುತ್ತಿತ್ತು. ಅಧ್ಯಕ್ಷರಿಗೆ ಎಚ್‌ಐವಿಯಿಂದ ಏಡ್ಸ್ ಬರುತ್ತದೆಂಬುದರಲ್ಲೇ ಅನುಮಾನ. ಆರೋಗ್ಯ ಸಚಿವೆ ಮಾಂಟೋ ಷಬಲಾಲ-ಮ್ಸಿಮಾಂಗ್ ಬೆಳ್ಳುಳ್ಳಿ, ಬೀಟ್‌ರೂಟ್, ನಿಂಬೆ, ಜೊತೆಗೆ ಈ ಗಡ್ಡೆಯನ್ನು ಹೊಗಳುತ್ತಾ, ವೈರಸ್ ತಡೆಯುವ ಮಾತ್ರೆಗಳ ಅಡ್ಡ ಪರಿಣಾಮಗಳ ಬಗ್ಗೆಯೇ ಭಯ ಹುಟ್ಟಿಸಿದರು. ಜನ ಅವರಿಗೆ ಡಾಕ್ಟರ್ ಬೀಟ್‌ರೂಟ್ ಎಂದೇ ಹೆಸರಿಟ್ಟರು. 2006ರಲ್ಲಿ ಟೊರಾಂಟೋದ ಅಂತರರಾಷ್ಟ್ರೀಯ ಏಡ್ಸ್ ಸಮ್ಮೇಳನದಲ್ಲಿ ದಕ್ಷಿಣ ಆಫ್ರಿಕಾದ ಮಳಿಗೆಯಲ್ಲಿ ಇವನ್ನೇ ಜೋಡಿಸಿಟ್ಟಿದ್ದರು. ಸಂತೆಯಂತೆ! ಮಾತ್ರೆಗಳನ್ನು ಸಕಾಲಕ್ಕೆ ಹಂಚದ ಕಾರಣ 2000ದಿಂದ 2005ರೊಳಗೆ 3,30,000ಕ್ಕೂ ಹೆಚ್ಚು ಜೀವಗಳು ಹೋದವೆಂದು ಹಾರ್ವರ್ಡ್ ಸಂಶೋಧಕರು ಆಮೇಲೆ ಅಂದಾಜು ಮಾಡಿದರು. ಈ ಸಂಖ್ಯೆಯನ್ನು ಓದುವಾಗ ನನ್ನ ನಾಲಿಗೆ ತಡವರಿಸುತ್ತದೆ.

ಗಡ್ಡೆಯೊಳಗೆ ಏನೂ ಇಲ್ಲವೆಂದಲ್ಲ. ಹೈಪಾಕ್ಸೊಸೈಡ್ ಎಂಬ ವಸ್ತುವಿದೆ. ಕರುಳಲ್ಲಿ ಅದು ರೂಪರಾಲ್ ಆಗಿ ಒಡೆಯುತ್ತದೆ. ರೂಪರಾಲ್ ಪ್ರಯೋಗಾಲಯದ ಗಾಜಿನ ಕೊಳವೆಯಲ್ಲಿ ಚುರುಕಾದ ವಸ್ತುವೇ. ಆದರೆ ಗಾಜಿನ ಕೊಳವೆಗೆ ಜ್ವರ ಬರುವುದಿಲ್ಲ, ಮಕ್ಕಳಿರುವುದಿಲ್ಲ. ಅದೂ ಅಲ್ಲದೆ, ಔಷಧಿಗಳನ್ನು ಅರಗಿಸುವ ಯಕೃತ್ತಿನ ಕಿಣ್ವವನ್ನು ಈ ಗಡ್ಡೆಯ ಸಾರ ತಡೆಯುತ್ತದೆಂದು 2005ರ ಪ್ರಯೋಗಾಲಯದ ಪರೀಕ್ಷೆಯೊಂದು ತೋರಿಸಿತು. ಅಂದರೆ ಮಾತ್ರೆ ನುಂಗುವವರು ಜೊತೆಗೆ ಇದನ್ನೂ ಸೇವಿಸಿದರೆ ಏನಾದೀತೋ ಎಂಬ ಚಿಂತೆ. ಮುಂದೆ ಮನುಷ್ಯರಲ್ಲಿ ಒಂದೆರಡು ಮಾತ್ರೆಗಳ ಜೊತೆ ನೋಡಿದಾಗ ಅಂಥ ಏರುಪೇರು ಕಾಣಲಿಲ್ಲ, ಅದು ಬೇರೆ ಮಾತು.

ಡರ್ಬನ್‌ನ ವಾರಿಕ್ ಮಾರುಕಟ್ಟೆಯ ಗಿಡಮೂಲಿಕೆ ಸಾಲಿನಲ್ಲಿ ಈ ಗಡ್ಡೆ ಇಂದಿಗೂ ಮಾರಾಟವಾಗುತ್ತದೆ. ಗಡ್ಡೆ ಅಗೆದರೆ ಗಿಡವೇ ಹೋಯಿತು, ಬೀಜ ಮೊಳೆಯಲು ಬಹಳ ತಡ. ಹುಲ್ಲುಗಾವಲಿನಿಂದ ಅಗೆದು ತರುವವರಿಗೆ ಅಷ್ಟು ಕಾಯುವ ಪುರಸೊತ್ತೆಲ್ಲಿ?

ಅಗೆಯದೆ ಉಳಿದದ್ದು ತನ್ನ ಲೆಕ್ಕದಲ್ಲೇ ನಡೆದಿದೆ. ಇಲ್ಲಿ ನೆಲತಾಳೆ ಹೂ ಬಿಡುವಾಗ ಅಲ್ಲಿ ದಾಯಾದಿ ಮಣ್ಣೊಳಗೆ ಮಲಗಿರುತ್ತದೆ. ನಾವು ಗೌರಿಯನ್ನು ತರುವ ಹೊತ್ತಿಗೆ ಅಲ್ಲಿ ಸುಟ್ಟ ಕರಿ ನೆಲವನ್ನು ಸೀಳಿಕೊಂಡು ಬಾಗಿದ ಎಲೆಗಳು ಮೇಲೇಳುತ್ತಿರುತ್ತವೆ.

ನಮಸ್ಕಾರ.