ಎದೆಗೆ ಕಟ್ಟಿಕೊಂಡ ಪೆಟ್ಟಿಗೆ

(ಶಾಲಾ ಸಂಗೀತ ಶಿಕ್ಷಕರ ಶಿಬಿರದಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಈ ಪೆಟ್ಟಿಗೆ ನೋಡಿ, ಇದು ಅಕಾರ್ಡಿಯನ್. ತೂಕ ಹತ್ತು ಕಿಲೋ ಹತ್ತಿರ. ಬಲಗೈಗೆ ಪಿಯಾನೋದಂಥ 41 ಮನೆ, ಎಡಗೈಗೆ 120 ಗುಂಡಿ. ನಡುವೆ ಇರೋದು ತಿದಿ. ಕಮ್ಮಾರನ ಕುಲುಮೆಯಲ್ಲಿ ಗಾಳಿ ಊದುತ್ತಲ್ಲ, ಅದೇ ಕೆಲಸ. ಇದನ್ನು ಹೆಗಲಿಗೆ ಹಾಕಿಕೊಂಡು ರಾತ್ರಿ ಆರ್ಕೆಸ್ಟ್ರಾದಲ್ಲಿ ನುಡಿಸಿದ್ದೇನೆ, ಬೆಳಿಗ್ಗೆ ಶಾಲೆಯ ಪ್ರಾರ್ಥನೆಗೆ ನುಡಿಸಿದ್ದೇನೆ. ಗಣೇಶನ ಹಬ್ಬದ ದಿನಗಳಲ್ಲಿ ಮನೆ ಸೇರುವಾಗ ಎರಡು ಗಂಟೆ ಆಗಿರುತ್ತಿತ್ತು. ಎಂಟೂವರೆಗೆ ಮತ್ತೆ ಮೈದಾನದಲ್ಲಿ ನಿಂತಿರಬೇಕು.

ನಮ್ಮ ತಲೆಮಾರಿನವರಿಗೆ ಅಕಾರ್ಡಿಯನ್ ಹುಚ್ಚು ಹಿಡಿಸಿದ್ದು ಹಿಂದಿ ಸಿನಿಮಾ. 1964ರ ‘ಸಂಗಮ್’ನಲ್ಲಿ ರಾಜ್ ಕಪೂರ್ ಕೈಯಲ್ಲಿ ಇದೇ ವಾದ್ಯ ಇತ್ತು. ತೆರೆಯ ಮೇಲೆ ಹಿಡಿದವರು ನಟರು. ಮುಂಬಯಿಯ ಸ್ಟುಡಿಯೋಗಳಲ್ಲಿ ನುಡಿಸಿದವರು ಗೂಡಿ ಸೀರ್ವಾಯಿ, ಕೆರ್ಸಿ ಲಾರ್ಡ್, ಎನಾಕ್ ಡೇನಿಯಲ್ಸ್ ಅಂಥವರು. ಹಾಡಿನ ನಡುವೆ ನಾಲ್ಕೇ ಸಾಲು ನುಡಿಸುತ್ತಿದ್ದರು. ಆ ನಾಲ್ಕು ಸಾಲು ಇಲ್ಲದೆ ಹಾಡು ನೆನಪಿಗೇ ಬರುವುದಿಲ್ಲ, ಅಲ್ವಾ? ನಾನು ವೇದಿಕೆ ಹತ್ತುವ ಹೊತ್ತಿಗೆ ಕೀಬೋರ್ಡ್ ಬಂದಾಗಿತ್ತು. ಅದರಲ್ಲಿ ಒಂದು ಗುಂಡಿ ಒತ್ತಿದರೆ ಅಕಾರ್ಡಿಯನ್ ದನಿ ಸಿಗುತ್ತಿತ್ತು. ಕಾರ್ಯಕ್ರಮಗಳು ಕಡಿಮೆಯಾದವು. ಹೊಟ್ಟೆಪಾಡಿಗೆ ಅಂತ ಶಾಲೆಗೆ ಸೇರಿದೆ. ವಾದ್ಯಕ್ಕೆ ನಿಜವಾದ ಕೆಲಸ ಸಿಕ್ಕಿದ್ದು ಅಲ್ಲಿ.

ಯಾಕೆ ಅಂತ ಹೇಳುತ್ತೇನೆ. ಹಾರ್ಮೋನಿಯಂ ನುಡಿಸುವಾಗ ನಾವು ಕೂತಿರುತ್ತೇವೆ. ಪಿಯಾನೋ ಆದರೆ ಎಷ್ಟೋ ಸಲ ಮಕ್ಕಳಿಗೆ ಬೆನ್ನು ಹಾಕಿರುತ್ತೇವೆ. ಅಕಾರ್ಡಿಯನ್ ಹಾಕಿಕೊಂಡವನು ನಿಂತಿರುತ್ತಾನೆ, ಅವನ ಮುಖ ಮಕ್ಕಳ ಕಡೆಗೇ ಇರುತ್ತದೆ. ನಡೆದುಕೊಂಡು ಹಿಂದಿನ ಸಾಲಿನ ತನಕ ಹೋಗಬಹುದು. ಕರೆಂಟ್ ಬೇಡ, ಮೈಕ್ ಬೇಡ. ನಾನೂರು ಮಕ್ಕಳ ಮೈದಾನದಲ್ಲೂ ಶ್ರುತಿ ಕೇಳಿಸುತ್ತದೆ.

ಇನ್ನೊಂದು ದೊಡ್ಡ ಅನುಕೂಲ ತಿದಿ. ಮಕ್ಕಳಿಗೆ ಉಸಿರು ಎಲ್ಲಿ ತೆಗೆದುಕೊಳ್ಳಬೇಕು ಅಂತ ಬಾಯಲ್ಲಿ ಹೇಳಿದರೆ ತಲೆಗೆ ಹೋಗಲ್ಲ. ತಿದಿ ಆದರೆ ಕಣ್ಣಿಗೆ ಕಾಣುತ್ತದೆ. ನಾನು ಸಾಲು ಮುಗಿದ ಕಡೆಯೇ ತಿದಿಯ ದಿಕ್ಕು ಬದಲಿಸುತ್ತೇನೆ. ಎಳೆಯುತ್ತಾ ಇರುವಾಗ ಒಂದು ಸಾಲು, ಒತ್ತುತ್ತಾ ಬರುವಾಗ ಇನ್ನೊಂದು. ಮಕ್ಕಳು ತಾವಾಗಿಯೇ ಅಲ್ಲಿ ಉಸಿರು ತುಂಬಿಕೊಳ್ಳುತ್ತಾರೆ. ನಮ್ಮ ನಾಡಗೀತೆಗೆ 2022ರಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನು ಗೊತ್ತು ಮಾಡಿತು. ಎರಡೂವರೆ ನಿಮಿಷದ ಹಾಡು ಅದು. ಏಳು ವರ್ಷದ ಮಗುವಿಗೆ ಎರಡೂವರೆ ನಿಮಿಷ ಜಾಸ್ತಿಯೇ. ಉಸಿರಿನ ಜಾಗ ಗೊತ್ತಿಲ್ಲದಿದ್ದರೆ ಕೊನೆಗೆ ಕಿರುಚಾಟ ಆಗುತ್ತದೆ.

ಈಗ ಶ್ರುತಿಯ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ನಾನು ತಪ್ಪು ಮಾಡಿದ್ದು ಇಲ್ಲೇ.

ಶಾಲೆಗೆ ಸೇರಿದ ಮೊದಲ ವರ್ಷ. ವಾರ್ಷಿಕೋತ್ಸವಕ್ಕೆ ಹಾಡು ಕಲಿಸುತ್ತಿದ್ದೆ. ಐದನೇ ತರಗತಿಯ ಒಬ್ಬಳು ಹುಡುಗಿಯ ದನಿ ಬೇರೆ ಕಡೆ ಹೋಗುತ್ತಿತ್ತು. ಎರಡು ದಿನ ನೋಡಿದೆ. ಮೂರನೇ ದಿನ ಅವಳಿಗೆ ಹೇಳಿದೆ: ‘ನೀನು ಸುಮ್ನೆ ಬಾಯಿ ಆಡಿಸು, ದನಿ ತೆಗೀಬೇಡ.’ ಅವಳು ತಲೆ ಆಡಿಸಿದಳು. ಕಾರ್ಯಕ್ರಮದ ದಿನ ಮುಂದಿನ ಸಾಲಿನಲ್ಲೇ ನಿಂತು, ಚಂದದ ಲಂಗ ಉಟ್ಟು, ಬಾಯಿ ಆಡಿಸಿದಳು. ಅವಳ ಅಮ್ಮ ಕೆಳಗೆ ಕೂತು ನೋಡುತ್ತಿದ್ದರು. ಆಮೇಲೆ ಅವಳು ನನ್ನ ಕ್ಲಾಸಿನಲ್ಲಿ ಮತ್ತೆ ಹಾಡಲಿಲ್ಲ. ನಾನು ಕರೆದಾಗಲೂ ಹಾಡಲಿಲ್ಲ.

ತಪ್ಪು ಅವಳದಾಗಿರಲಿಲ್ಲ. ನಾನು ಕರಿ ಒಂದರಲ್ಲಿ, ಅಂದರೆ ಮೊದಲ ಕರಿ ಮನೆಯನ್ನು ‘ಸ’ ಮಾಡಿಕೊಂಡು ಕಲಿಸುತ್ತಿದ್ದೆ. ಅದು ನನ್ನ ಗಂಟಲಿಗೆ ಹಿತವಾದ ಶ್ರುತಿ. ಹಾಡು ಮಂದ್ರ ಪಂಚಮಕ್ಕೆ, ಅಂದರೆ ‘ಸ’ಗಿಂತ ಕೆಳಗಿನ ‘ಪ’ಗೆ ಇಳಿಯುತ್ತಿತ್ತು. ಆ ವಯಸ್ಸಿನ ಮಕ್ಕಳ ದನಿ ಸಾಮಾನ್ಯವಾಗಿ ಅಷ್ಟು ಕೆಳಗೆ ಹೋಗಲ್ಲ. ಪಿಯಾನೋದ ನಡುವಿನ ‘ಸಿ’ಯಿಂದ ಮೇಲಿನ ‘ಸಿ’, ‘ಡಿ’ ತನಕ ಅವರಿಗೆ ಸರಾಗ. ಕೆಲವು ಮಕ್ಕಳು ಕೆಳಗಿನ ಸ್ವರದಲ್ಲಿ ಗೊಣಗಿ ದಾಟಿಸಿಬಿಡುತ್ತಾರೆ. ಅವಳು ಪ್ರಾಮಾಣಿಕವಾಗಿ ಹಾಡಲು ನೋಡಿದಳು, ದನಿ ಜಾರಿತು. ಅದೇ ಹಾಡನ್ನು ಬಿಳಿ ನಾಲ್ಕಕ್ಕೆ, ಅಂದರೆ ನಾಲ್ಕನೇ ಬಿಳಿ ಮನೆಗೆ ಏರಿಸಿದ್ದರೆ ಮಂದ್ರ ಪಂಚಮ ಸರಿಯಾಗಿ ನಡುವಿನ ‘ಸಿ’ಗೆ ಬಂದು ಕೂರುತ್ತಿತ್ತು. ಅಷ್ಟೇ ಆಗಬೇಕಾಗಿದ್ದದ್ದು.

ಈ ವಾದ್ಯದಲ್ಲಿ ಶ್ರುತಿ ಬದಲಿಸುವುದು ಎಡಗೈಗೆ ಏನೂ ಕಷ್ಟ ಅಲ್ಲ. ಇಲ್ಲಿನ ಗುಂಡಿಗಳು ಸ-ಪ, ಸ-ಪ ಅಂತ ಪಂಚಮದ ಲೆಕ್ಕದಲ್ಲಿ ಜೋಡಿಸಿವೆ. ಬೆರಳಿನ ಆಕಾರ ಹಾಗೇ ಇಟ್ಟುಕೊಂಡು ಕೈ ಮೇಲೆ ಕೆಳಗೆ ಸರಿಸಿದರೆ ಸಾಕು. ‘ಸಿ’ ಗುಂಡಿಯ ಮೇಲೆ ಒಂದು ಕುಳಿ ಇರುತ್ತದೆ, ಕತ್ತಲಲ್ಲೂ ಸಿಗಲಿ ಅಂತ. ಇಷ್ಟು ಸುಲಭ ಇದ್ದೂ ನಾನು ಸರಿಸಲಿಲ್ಲ. ಅಂದಿನಿಂದ ಹೊಸ ತರಗತಿಗೆ ಹೋದಾಗ ಮೊದಲು ಹಾಡು ಕಲಿಸುವುದಿಲ್ಲ. ಒಂದೊಂದು ಮಗುವಿನ ಹತ್ತಿರ ಹೋಗಿ, ಅದರ ದನಿ ಎಲ್ಲಿದೆ ಅಂತ ಹುಡುಕುತ್ತೇನೆ. ಎರಡು ಪೀರಿಯಡ್ ಹೋಗುತ್ತದೆ. ಹೋಗಲಿ.

ಅಕಾರ್ಡಿಯನ್ನಿಗೆ ಗಮಕ ಬರುವುದಿಲ್ಲ, ನಿಜ. ಸ್ವರದಿಂದ ಸ್ವರಕ್ಕೆ ಜಾರಲು ಆಗಲ್ಲ. ಗಮಕವೇ ಜೀವಾಳವಾದ ತೋಡಿ ರಾಗವನ್ನು ಇದರಲ್ಲಿ ಕಲಿಸಬೇಡಿ. ಮೋಹನ ರಾಗಕ್ಕೆ ಐದೇ ಸ್ವರ, ಮಕ್ಕಳಿಗೂ ವಾದ್ಯಕ್ಕೂ ಚೆನ್ನಾಗಿ ಹೊಂದುತ್ತದೆ. ಗಮಕ ಬೇಕಾದಲ್ಲಿ ನಾನು ಕೈ ತೆಗೆದು ಬಾಯಲ್ಲೇ ಹಾಡಿ ತೋರಿಸುತ್ತೇನೆ.

1829ರಲ್ಲಿ ವಿಯೆನ್ನಾದ ಸಿರಿಲ್ ಡೆಮಿಯಾನ್ ಇದಕ್ಕೆ ಪೇಟೆಂಟ್ ಪಡೆದರು. ಅವರ ವಾದ್ಯದಲ್ಲಿ ಒಂದು ಮನೆ ಒತ್ತಿದರೆ ಒಂಟಿ ಸ್ವರ ಬರುತ್ತಿರಲಿಲ್ಲ, ಮೂರು ನಾಲ್ಕು ಸ್ವರ ಕೂಡಿದ ಕಾರ್ಡ್ ಬರುತ್ತಿತ್ತು. ಹೆಸರೂ ಅದರಿಂದಲೇ. ಹಾಡುವವರ ಪಕ್ಕದಲ್ಲಿ ನಿಲ್ಲಲು ಹುಟ್ಟಿದ ವಾದ್ಯ ಅಂತ ನನಗೆ ಅನ್ನಿಸುತ್ತದೆ.

ಮಳೆಗಾಲದಲ್ಲಿ ಮಾತ್ರ ಜೋಪಾನ. ಒಳಗೆ ಗಾಳಿಗೆ ಅದುರಿ ದನಿ ಕೊಡುವ ತೆಳು ಪಟ್ಟಿಗಳು, ಅಂದರೆ ರೀಡುಗಳು, ಉಕ್ಕಿನವು, ತುಕ್ಕು ಹಿಡಿಯುತ್ತವೆ. ಅವನ್ನು ಕೂರಿಸಿರುವುದು ಮೇಣದಲ್ಲಿ, ಹಾಗಾಗಿ ಬಿಸಿಲಲ್ಲಿ ಬಿಟ್ಟರೂ ಕೆಟ್ಟಿತು. ಒಂದು ಜುಲೈ ಬೆಳಿಗ್ಗೆ ಪ್ರಾರ್ಥನೆಯ ನಡುವೆ ಒಂದು ಸ್ವರ ಸಿಕ್ಕಿಹಾಕಿಕೊಂಡು ನಿಲ್ಲದೆ ಕೂಗತೊಡಗಿತು. ನಾನು ತಿದಿ ಮುಚ್ಚಿ ನಿಂತೆ. ಮಕ್ಕಳು ನಿಲ್ಲಿಸಲಿಲ್ಲ. ಶ್ರುತಿ ಬಿಡದೆ ಕೊನೆಯ ಸಾಲಿನ ತನಕ ಹಾಡಿದರು. ನಾನು ಸುಮ್ಮನೆ ಕೇಳಿಸಿಕೊಂಡೆ.

ಸರಿ, ಈಗ ಎಲ್ಲರೂ ಎದ್ದು ನಿಲ್ಲಿ. ಬಿಳಿ ನಾಲ್ಕು ಕೊಡುತ್ತೇನೆ. ಯಾರಿಗೆ ಎತ್ತರ ಅನ್ನಿಸುತ್ತದೋ ಕೈ ಎತ್ತಿ, ಇಳಿಸೋಣ.