ಆಯಿ ತಿದ್ದಿದ ಪದ

ಎಲ್ಲರಿಗೂ ಶರಣು ಶರಣಾರ್ಥಿ.

ಎಳ್ಳಮವಾಸಿಯ ಚರಗ ಚೆಲ್ಲಿ ಇನ್ನೂ ಎಂಟು ದಿನ ಆಗಿಲ್ಲ. ಹೊಲದಲ್ಲಿ ತೊಗರಿ ರಾಶಿಯ ಗಡಿಬಿಡಿ ಇರುವಾಗಲೂ ಸೇಡಂನ ಈ ಪುಸ್ತಕ ಹಬ್ಬಕ್ಕೆ ಇಷ್ಟು ಮಂದಿ ಬಂದು ಕೂತಿದ್ದೀರಿ. ನನ್ನೂರು ಮಳಖೇಡ ಇಲ್ಲಿಂದ ಬಸ್ಸಿನಲ್ಲಿ ಅರ್ಧ ತಾಸು. ಎದುರಿಗೆ ಕೂತವರಲ್ಲಿ ಅರ್ಧಕ್ಕರ್ಧ ಮಂದಿಗೆ ನಾನು ಯಾರ ಮನೆಯ ಮಗಳು ಎಂಬುದು ಗೊತ್ತು. ಅದಕ್ಕೇ ಇವತ್ತು ಎದೆ ತುಸು ಹೆಚ್ಚೇ ಹೊಡೆದುಕೊಳ್ಳುತ್ತಿದೆ.

ಎರಡು ವರ್ಷದ ಹಿಂದೆ ಇದೇ ಹಬ್ಬದಲ್ಲಿ ನನ್ನ ಮೊದಲ ಕಥಾಸಂಕಲನ ಇಟ್ಟುಕೊಂಡು ಮಳಿಗೆಯಲ್ಲಿ ಕೂತಿದ್ದೆ. ನಮ್ಮ ಓಣಿಯ ಆಯಿ ಮೊಮ್ಮಗನ ಕೈ ಹಿಡಿದು ಬಂದಳು. ಆಕೆಗೆ ಅಕ್ಷರ ಬಾರದು. ಪುಸ್ತಕವನ್ನು ತಿರುಗಿಸಿ ನೋಡಿ, ಮುಖಪುಟ ಸವರಿ, "ಇದರಾಗ ಏನು ಬರ್ದೀದಿ, ಓದಿ ಹೇಳವ್ವ" ಅಂದಳು. ತೊಗರಿ ಹೊಲದ ಕಥೆಯನ್ನೇ ತೆಗೆದೆ. ಎರಡನೇ ಪುಟಕ್ಕೆ ಬರುತ್ತಿದ್ದಂತೆ ಆಯಿ ನನ್ನ ಮೊಣಕೈ ಹಿಡಿದಳು.

"ಒಕ್ಕಣೆ ಅಂದ್ರ ಏನವ್ವ?"

"ರಾಶಿ, ಆಯಿ."

"ಮತ್ತ ರಾಶಿ ಅಂತ ಯಾಕ ಬರಿಲಿಲ್ಲ?"

ಉತ್ತರ ಹೊಳೆಯಲಿಲ್ಲ. ಕಣದಲ್ಲಿ ಆಯಿಯ ಪಕ್ಕದಲ್ಲೇ ನಿಂತು ತೊಗರಿ ಬಡಿದವಳು ನಾನು. ಕಟ್ಟಿಗೆ ಬೇರೆ, ಹೊಟ್ಟು ಬೇರೆ, ಕಾಳು ಬೇರೆ ಮಾಡಲು ಆಕೆಯೇ ಕಲಿಸಿದ್ದು. ಆದರೂ ಬರೆಯಲು ಕೂತಾಗ ಪಠ್ಯಪುಸ್ತಕದ ಪದವೇ ಮೊದಲು ಬಂತು, ಅದೇ ಸರಿಯಾದ ಕನ್ನಡ ಎಂದು ಒಪ್ಪಿಬಿಟ್ಟೆ. ಒಕ್ಕಣೆ ಒಳ್ಳೆಯ ಪದವೇ. ಅದರ ಊರು ಬೇರೆ, ಅಷ್ಟೇ. ನನ್ನ ಕಥೆಯ ಹೆಣ್ಣುಮಗಳ ಬಾಯಲ್ಲಿ ಅದು ಎಂದೂ ಬಂದಿರಲಾರದು.

ಆವತ್ತು ಮನೆಗೆ ಹೋಗಿ ಕವಿರಾಜಮಾರ್ಗ ತೆಗೆದೆ. ಸುಮಾರು 850ರ ಕೃತಿ. ನಮಗೆ ಸಿಕ್ಕ ಕನ್ನಡ ಗ್ರಂಥಗಳಲ್ಲಿ ಎಲ್ಲಕ್ಕಿಂತ ಹಳೆಯದು. ಬರೆದ ಶ್ರೀವಿಜಯ ನೃಪತುಂಗನ ಆಸ್ಥಾನದವನು, ನೃಪತುಂಗನ ರಾಜಧಾನಿ ಮಾನ್ಯಖೇಟ ಅಂದರೆ ಕಾಗಿಣಾ ದಂಡೆಯ ನಮ್ಮ ಮಳಖೇಡ. ಕಾವೇರಿಯಿಂದ ಗೋದಾವರಿವರೆಗೆ ಎಂಬ ಮಾತು ಎಲ್ಲರಿಗೂ ಬಾಯಿಪಾಠ. ಅದರ ಮುಂದಿನ ಮಾತನ್ನು ಗಮನಿಸಿ. ಕನ್ನಡದ ತಿರುಳು ಎಲ್ಲಿದೆ ಎಂದು ಹೇಳುವಾಗ ಕವಿ ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳ ನಡುವಿನ ನಾಡನ್ನು ತೋರಿಸುತ್ತಾನೆ. ಅಂದರೆ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರದ ಸೀಮೆ. ರಾಜಧಾನಿಯ ಹೆಸರು ಅಲ್ಲಿಲ್ಲ! ಇದನ್ನು ಮೊದಲ ಸಲ ಗಮನಿಸಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಚಲೋ ಕನ್ನಡ ಇರುವುದು ಬೇರೆ ಕಡೆ ಎಂದು ನಾವು ಎಷ್ಟು ಹಿಂದಿನಿಂದ ಕೇಳುತ್ತಾ ಬಂದಿದ್ದೇವೆ!

ಆದರೆ ಅದೇ ಕವಿ ಇನ್ನೊಂದು ಕಡೆ "ಕನ್ನಡಂಗಳ್" ಎನ್ನುತ್ತಾನೆ. ಬಹುವಚನ. ಊರೂರಿಗೂ ದೇಸಿ ಬೇರೆ ಬೇರೆ, ಅವುಗಳ ದೋಷ ಲೆಕ್ಕ ಹಾಕಲು ಹೊರಟರೆ ಸರ್ಪರಾಜ ವಾಸುಕಿಗೂ ಬೇಸರವಾಗುತ್ತದೆ ಎನ್ನುತ್ತಾನೆ. ಕುರಿತು ಓದದೆಯೂ ಕಾವ್ಯಪ್ರಯೋಗದಲ್ಲಿ ನುರಿತ ಜನ ಎಂದು ಕನ್ನಡಿಗರನ್ನು ಹೊಗಳಿದವನೂ ಅವನೇ. ಆ ಸಾಲು ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ಆಯಿ.

ನಮ್ಮ ಮಾತಿನಲ್ಲಿ ಬೇರೆಯವೂ ಕೂಡಿವೆ. 1948ರ ಸೆಪ್ಟೆಂಬರ್ 17ರವರೆಗೆ ಇದು ನಿಜಾಮರ ಸೀಮೆ, ಸರಕಾರಿ ಕೆಲಸವೆಲ್ಲ ಉರ್ದುವಿನಲ್ಲಿ. ನಮ್ಮ ಮುತ್ಯಾ ಕಲಿತದ್ದು ಉರ್ದು ಶಾಲೆಯಲ್ಲಿ. ಖರೇ, ಜಲ್ದಿ, ದವಾಖಾನಿ, ದುಕಾನು ಎಲ್ಲ ನಮ್ಮ ಒಲೆಯ ಮುಂದೆಯೇ ಬೆಳೆದ ಪದಗಳು. ಇವನ್ನು ಬಿಟ್ಟು ಬರೆದರೆ ಮುತ್ಯಾನ ದನಿ ಕಾಗದಕ್ಕೆ ಇಳಿಯುವುದಿಲ್ಲ. ಇದೇ ಜಿಲ್ಲೆಯ ಸಾವಳಗಿಯ ಗೀತಾ ನಾಗಭೂಷಣ ಅವರು ಈ ಸೀಮೆಯ ಮಾತಿನಲ್ಲೇ ಕಾದಂಬರಿ ಬರೆದರು. 2004ರಲ್ಲಿ ಅವರ 'ಬದುಕು' ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಆ ದಾರಿ ಕಣ್ಣ ಮುಂದೆ ಇದ್ದೂ ನಾನು ಹೆದರಿದ್ದು ತಪ್ಪು.

ಹಬ್ಬ ನಡೆಸುವ ಗೆಳೆಯರಲ್ಲಿ ಒಂದು ಕೇಳಿಕೆ. ಮಳಿಗೆಗಳು ಇರಲಿ, ಗೋಷ್ಠಿಗಳೂ ಇರಲಿ. ಅವುಗಳ ಜೊತೆ ಸಂಜೆ ಹೊಲದಿಂದ ಮಂದಿ ಮರಳುವ ಹೊತ್ತಿಗೆ ಒಂದು ಜಮಖಾನಿ ಹಾಸಿರಿ. ನಮ್ಮ ಕಡೆಯ ಲೇಖಕರು ಅಲ್ಲಿ ಕೂತು ತಮ್ಮದನ್ನು ಗಟ್ಟಿಯಾಗಿ ಓದಲಿ. ಪುರಾಣ, ಪ್ರವಚನ ಕೇಳಿ ಬೆಳೆದ ಕಿವಿಗಳು ನಮ್ಮವು. ಎಲ್ಲಿ ಮಾತು ಹುಸಿಯಾಯಿತು ಎಂಬುದು ಅವಕ್ಕೆ ತಕ್ಷಣ ತಿಳಿಯುತ್ತದೆ. ಪುಸ್ತಕ ಮಾರಾಟವಾಗದಿದ್ದರೂ ಅಡ್ಡಿಯಿಲ್ಲ. ಅಂಥ ಕೇಳುಗರು ನನಗೆ ಬೇರೆ ಯಾವ ಊರಿನಲ್ಲೂ ಸಿಗುವುದಿಲ್ಲ.

ಎರಡನೇ ಮುದ್ರಣ ನಿನ್ನೆ ಕೈಗೆ ಬಂತು. ಒಕ್ಕಣೆ ಇದ್ದಲ್ಲೆಲ್ಲ ಈಗ ರಾಶಿ ಇದೆ. ಇನ್ನೂ ಹನ್ನೊಂದು ಪದ ಬದಲಾಗಿವೆ, ಒಂದೊಂದನ್ನೂ ಓಣಿಯ ಕಟ್ಟೆಯ ಮೇಲೆ ಕೂತು ಕೇಳಿ ಬರೆದುಕೊಂಡೆ. ಆಯಿ ಮುಂದಿನ ಸಾಲಿನಲ್ಲೇ ಕೂತಿದ್ದಾಳೆ. ಆವತ್ತು ನಿಂತ ಎರಡನೇ ಪುಟದಿಂದಲೇ ಈಗ ಓದುತ್ತೇನೆ.

ಆಯಿ, ತಪ್ಪಿದಲ್ಲಿ ಕೈ ಎತ್ತವ್ವ.