ಐವತ್ತು ಪದಗಳಲ್ಲಿ ನಮ್ಮಜ್ಜ
(ಬಾಗಲಕೋಟೆ ನವನಗರದಲ್ಲಿ ಪಿಯುಸಿ ವಿದ್ಯಾರ್ಥಿಗಳಿಗೆ ಮಾಡಿದ ಮಾತು)

ಎಲ್ಲರಿಗೂ ನಮಸ್ಕಾರ. ಹೊರಗೆ ಬಿಸಿಲು ಜೋರಿದೆ, ಒಳಗೆ ಫ್ಯಾನು ಎರಡೇ ಇವೆ. ಅದಕ್ಕೆ ಪೀಠಿಕೆ ಬಿಟ್ಟು ನೇರ ವಿಷಯಕ್ಕೆ ಬರುತ್ತೇನೆ.

ಹೋದ ವರ್ಷ ಇದೇ ನವನಗರದ ಒಬ್ಬ ಹುಡುಗ ಕಾಲೇಜಿನ ಅರ್ಜಿ ತಂದು ತೋರಿಸಿದ. 'ನಿಮಗೆ ಮುಖ್ಯವಾದ ಒಂದು ಜಾಗ ಯಾವುದು, ಏಕೆ?' ಅಂತ ಪ್ರಶ್ನೆ. ಉತ್ತರ 50 ಪದದೊಳಗೆ ಇರಬೇಕು. ಅವನು ಬರೆದಿದ್ದ: 'ನನ್ನ ಶಾಲೆಯೇ ನನಗೆ ದೇವಾಲಯ. ಅಲ್ಲಿ ನಾನು ಶಿಸ್ತು, ಪರಿಶ್ರಮ ಮತ್ತು ಮೌಲ್ಯಗಳನ್ನು ಕಲಿತೆ.' ತಪ್ಪೇನಿಲ್ಲ. ಆದರೆ ಅವನ ಹೆಸರು ಅಳಿಸಿ ಪಕ್ಕದ ಬೆಂಚಿನವನ ಹೆಸರು ಹಾಕಿದರೂ ನಡೆಯುತ್ತದೆ, ಅಲ್ವಾ?

ಸುಮ್ನೆ ಮಾತಿಗೆ ಮಾತು ತೆಗೆದೆ. ಮನೆಯಲ್ಲಿ ಯಾರ್ಯಾರು ಇದ್ದೀರಪ್ಪಾ? 'ಅಜ್ಜ ಅದಾನ್ರಿ ಸರ. ಆದ್ರ ಮುಂಜಾನೆ ಮನ್ಯಾಗ ಸಿಗಂಗಿಲ್ಲ. ದಿನಾ ಊರಿಗೆ ಚಾ ಕುಡ್ಯಾಕ ಹೋಗ್ತಾನ.' ಊರಿಗೆ ಅಂದರೆ ಹಳೆ ಬಾಗಲಕೋಟೆಗೆ. ಆಲಮಟ್ಟಿ ಹಿನ್ನೀರು ಬಂದ ಮೇಲೆ ಎಷ್ಟೋ ಮನೆಗಳು ಇಲ್ಲಿಗೆ ಬಂದವು. ಅಜ್ಜನ ಬಾಯಲ್ಲಿ 'ಊರು' ಮಾತ್ರ ಇನ್ನೂ ಅಲ್ಲೇ ಇದೆ.

ಇದನ್ನೇ ಬರಿ ಅಂದೆ. 'ಸರ, ಇದೇನ್ ಬರಿಯೂದ್ರಿ?' ಅಂತ ನಕ್ಕ. ನಾಲ್ಕು ದಿನ ಬಿಟ್ಟು ತಂದ ಉತ್ತರ ಹೀಗಿತ್ತು:

'ಅಜ್ಜನ ಅಂಗಡಿ ಆಲಮಟ್ಟಿ ಹಿನ್ನೀರಿನಲ್ಲಿದೆ. ನವನಗರದ ಮನೆಯಿಂದ ಅವರು ದಿನಾ ಬಸ್ ಹತ್ತಿ ಹಳೆ ಊರಿಗೆ ಹೋಗಿ ಚಹಾ ಕುಡಿದು ಬರುತ್ತಾರೆ. ರಜೆಯಲ್ಲಿ ನಾನೂ ಹೋಗುತ್ತೇನೆ. ನಮ್ಮ ಓಣಿಯಲ್ಲಿ ರಸ್ತೆ ಅಗಲ ಇದೆ, ಕೂರಲು ಕಟ್ಟೆ ಇಲ್ಲ. ಕಟ್ಟೆ ಇರುವ ಊರು ಕಟ್ಟುವುದನ್ನು ನಾನು ಕಲಿಯಬೇಕು.'

ಜಾಗ ಯಾವುದು ಅನ್ನುವುದೂ ಇದೆ, ಏಕೆ ಅನ್ನುವುದೂ ಇದೆ. ನಮ್ಮ ಮಕ್ಕಳು ಜಾಸ್ತಿ ಎಡವುವುದು ಆ 'ಏಕೆ'ಯಲ್ಲೇ. ಅರ್ಧ ಪ್ರಶ್ನೆಗೆ ಉತ್ತರ ಕೊಟ್ಟು ಪದ ಮುಗಿಸಿಬಿಡುತ್ತಾರೆ.

ಇದರಲ್ಲಿ ನಿಮ್ಮ ತಪ್ಪು ಕಡಿಮೆ, ನಮ್ಮ ಮೇಷ್ಟ್ರುಗಳದ್ದೇ ಜಾಸ್ತಿ. ಹತ್ತು ಅಂಕದ ಪ್ರಶ್ನೆಗೆ ಎರಡು ಪುಟ ತುಂಬಿಸಿ ಅಂತ ಹೇಳಿಕೊಟ್ಟವರು ನಾವು. ಪರೀಕ್ಷೆಯ ಉತ್ತರ ಪುಸ್ತಕದಲ್ಲಿರುತ್ತದೆ. ಅರ್ಜಿಯ ಈ ಪ್ರಶ್ನೆಗಳಿಗೆ ಗೈಡ್ ಇಲ್ಲ, ಉದ್ದಕ್ಕೆ ಬರೆಯಲು ಜಾಗವೂ ಇಲ್ಲ. ಅಮೆರಿಕದ ಬಹಳಷ್ಟು ಕಾಲೇಜುಗಳಿಗೆ ಒಂದೇ ಕಡೆ ಅರ್ಜಿ ಹಾಕುವ ಕಾಮನ್ ಆ್ಯಪ್‌ನಲ್ಲಿ ಹತ್ತು ಚಟುವಟಿಕೆ ಬರೆಯಬಹುದು. ಒಂದೊಂದರ ವಿವರಣೆಗೆ 150 ಅಕ್ಷರ ಅಷ್ಟೇ, ನಡುವಿನ ಖಾಲಿ ಜಾಗವೂ ಸೇರಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಎಂಟು ಪ್ರಶ್ನೆ ಕೊಟ್ಟು ನಾಲ್ಕು ಆರಿಸಿಕೊಳ್ಳಿ ಅನ್ನುತ್ತಾರೆ, ಒಂದಕ್ಕೆ 350 ಪದ. ಬ್ರಿಟನ್ನಿನ ವಿಶ್ವವಿದ್ಯಾಲಯಗಳಿಗೆ ಹಾಕುವ ಯುಕಾಸ್ ಅರ್ಜಿಯಲ್ಲಿ ಮೊದಲು ಒಂದೇ ಉದ್ದನೆಯ ಬರಹ ಇತ್ತು. 2026ರ ಪ್ರವೇಶದಿಂದ ಅದನ್ನು ಮೂರು ಪ್ರಶ್ನೆಗಳಾಗಿ ಒಡೆದಿದ್ದಾರೆ.

150 ಅಕ್ಷರದಲ್ಲಿ ಏನು ಹೇಳುವುದು ಅಂತ ಗಾಬರಿ ಬೇಡ. 'ಎನ್‌ಎಸ್‌ಎಸ್ ಶಿಬಿರದಲ್ಲಿ ಸಕ್ರಿಯವಾಗಿ ಭಾಗವಹಿಸಿ ನಾಯಕತ್ವ ಗುಣ ಬೆಳೆಸಿಕೊಂಡೆ' ಅನ್ನುವುದು ಪ್ರಮಾಣಪತ್ರದ ಭಾಷೆ. ಇದನ್ನು ಕೇಳಿ: '7 ದಿನದ ಶಿಬಿರ. 60 ಜನರ ಅಡುಗೆ ಲೆಕ್ಕ ನನ್ನದು. ಎರಡನೇ ದಿನ ಜೋಳದ ಹಿಟ್ಟು ಮುಗಿಯಿತು, ಮನೆ ಮನೆಗೆ ಹೋಗಿ ರೊಟ್ಟಿ ಕೂಡಿಸಿದೆ.' ನಾಯಕತ್ವ ಅನ್ನುವ ಪದವೇ ಇಲ್ಲ. ಬೇಕಾಗಿಯೂ ಇಲ್ಲ.

ಇಳಕಲ್ಲಿನ ಹುಡುಗಿಯೊಬ್ಬಳು ಗಣಿತ ಓದಬೇಕು ಅಂತ ಬಂದಿದ್ದಳು. ಏಕೆ ಅನ್ನುವಲ್ಲಿ 'ಬಾಲ್ಯದಿಂದಲೂ ಆಸಕ್ತಿ' ಅಂತ ಬರೆದಿದ್ದಳು. ಬಾಲ್ಯದಿಂದ ಆಸಕ್ತಿ ಇಲ್ಲದವರು ಯಾರೂ ಅರ್ಜಿ ಹಾಕುವುದೇ ಇಲ್ಲ ಅನ್ನಿಸುತ್ತದೆ! ಅವಳ ಅವ್ವ ಸೀರೆ ನೇಯುತ್ತಾರೆ. ಹಾಸು ಅಂದರೆ ಮಗ್ಗದಲ್ಲಿ ಉದ್ದಕ್ಕೆ ಹಾಕುವ ಎಳೆಗಳು. ಇಳಕಲ್ ಸೀರೆಯ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಹಾಗಾಗಿ ಒಂದೊಂದು ಸೀರೆಗೂ ಹಾಸು ಬೇರೆಯಾಗಿ ಸಿದ್ಧವಾಗಬೇಕು. ಈ ಹುಡುಗಿ ಆರನೇ ಇಯತ್ತೆಯಿಂದ ಅವ್ವನ ಪಕ್ಕ ಕೂತು ಎಳೆ ಎಣಿಸಿದವಳು. ಒಂದು ಎಳೆ ತಪ್ಪಿದರೆ ಎಲ್ಲಿ ತಪ್ಪಿತು ಅಂತ ಬೇಗ ಹುಡುಕಲು ತನ್ನದೇ ಒಂದು ಎಣಿಕೆ ಮಾಡಿಕೊಂಡಿದ್ದಳು. 'ಅದು ಗಣಿತ ಏನ್ರಿ ಸರ?' ಅಂತ ನನ್ನನ್ನೇ ಕೇಳಿದಳು. ಗಣಿತ ಅಲ್ಲದೆ ಮತ್ತೇನು?

ಇಬ್ಬರಿಗೂ ನಾನು ಹೇಳಿದ್ದು ಒಂದೇ. ಮೊದಲು ಕನ್ನಡದಲ್ಲಿ ಬರೆಯಿರಿ, ಮನೆಯಲ್ಲಿ ಮಾತಾಡುವ ಕನ್ನಡದಲ್ಲಿ. ಅರ್ಜಿ ಇಂಗ್ಲಿಷಿನಲ್ಲಿದೆ ಅಂತ ಇಂಗ್ಲಿಷಿನಲ್ಲೇ ಶುರು ಮಾಡಿದರೆ ಎಲ್ಲೋ ಓದಿದ ಸಾಲುಗಳೇ ಕೈಗೆ ಬರುತ್ತವೆ. ಕನ್ನಡದಲ್ಲಾದರೆ ಅಜ್ಜ ಬರುತ್ತಾನೆ, ಮಗ್ಗ ಬರುತ್ತದೆ. ಇಂಗ್ಲಿಷಿಗೆ ತರುವಾಗ ಯಾರನ್ನಾದರೂ ಕೇಳಿ ಕಾಗುಣಿತ, ವ್ಯಾಕರಣ ಸರಿ ಮಾಡಿಸಿಕೊಳ್ಳಿ. ಉತ್ತರವನ್ನೇ ಮೊಬೈಲಿನ ಎಐ ಕೈಯಲ್ಲಿ ಬರೆಸಬೇಡಿ. ನಿಮ್ಮ ಅಜ್ಜ ಚಹಾ ಎಲ್ಲಿ ಕುಡಿಯುತ್ತಾರೆ ಅನ್ನುವುದು ಅದಕ್ಕೆ ಗೊತ್ತಿಲ್ಲ.

ಇನ್ನೊಂದು ಮಾತು, ಇದನ್ನು ಪಾಲಕರೂ ಕೇಳಬೇಕು. ಕಷ್ಟದ ಕತೆ ಇದ್ದರೆ ಮಾತ್ರ ಸೀಟು ಅಂತ ಯಾರೋ ಹಬ್ಬಿಸಿದ್ದಾರೆ. ಹಾಗೇನಿಲ್ಲ. ನೆರೆ ಬರದ ಮನೆಗೆ ನೆರೆ ತರಬೇಡಿ. ಅಜೀಂ ಪ್ರೇಮ್‌ಜಿ, ಅಶೋಕದಂಥ ವಿಶ್ವವಿದ್ಯಾಲಯಗಳಲ್ಲಿ ಸಂದರ್ಶನವೂ ಇರುತ್ತದೆ. ಬರೆದ ಸುಳ್ಳನ್ನು ಅಲ್ಲಿ ಕೂತು ಸಾಕಬೇಕಾಗುತ್ತದೆ. ನಿಜವಾದ ಕಷ್ಟವನ್ನೂ ಹೇಳಲು ಮನಸ್ಸಿಲ್ಲದಿದ್ದರೆ ಬಿಡಿ, ಅದು ನಿಮ್ಮದು. ಕರದಂಟಿಗೆ ಅಂಟು ಎಷ್ಟು ಹಾಕಬೇಕು ಅಂತ ಅತ್ತೆಯ ಜೊತೆ ಜಗಳ ಆಡಿದ್ದು ಕೂಡ ಒಳ್ಳೆ ಉತ್ತರವೇ.

'ನಮ್ಮ ಕಾಲೇಜೇ ಏಕೆ?' ಅನ್ನುವ ಪ್ರಶ್ನೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಆ ಕಾಲೇಜಿನ ಒಂದು ಕೋರ್ಸಿನ ವಿವರ ಪೂರ್ತಿ ಓದಿ, ಅದರಲ್ಲಿ ನಿಮಗೆ ಏನು ಬೇಕು ಅಂತ ಬರೆಯಿರಿ. ಒಂದು ಉತ್ತರ ಬರೆದು ಐದು ಕಾಲೇಜಿಗೆ ಅಂಟಿಸುವಾಗ ಹಳೆ ಕಾಲೇಜಿನ ಹೆಸರು ಹಾಗೇ ಉಳಿದದ್ದನ್ನು ನಾನು ಎರಡು ಸಲ ನೋಡಿದ್ದೇನೆ. ಒಂದು ಸಲ ಅದು ನನ್ನ ಮಗಳದ್ದೇ.

ನನ್ನ ಮಾತು ಇಷ್ಟು. ಅರ್ಜಿ ತಂದವರು ಮುಂದೆ ಬನ್ನಿ, ಫ್ಯಾನಿನ ಕೆಳಗೆ ಕೂರೋಣ. ಆ ಮೂಲೆಯಲ್ಲಿ ಹಾಳೆ ಮುಚ್ಚಿಟ್ಟುಕೊಂಡಿದ್ದೀಯಲ್ಲ ತಂಗಿ, ನಿನ್ನದನ್ನೇ ಮೊದಲು ಓದೋಣ. ಬಾ.